ಆರು ಅಂಕಿ

ವಿಟ್ಬಿ ಬಂದರದಾಗ ಕರಿದ ಮೀನಿನಂಗಡಿ.
ಮೀನ ಒಲ್ಲೆ, ಬರೇ ಆಲೂಗಡ್ಡಿ ಅಂದೆ.
ನೋಟು ತಗೊಳ್ಳಂಗಿಲ್ಲಂತ, ಫೋನ ತೋರ್ಸಬೇಕಂತ.
ಫೋನಿಗೆ ಕಾರ್ಡು ಕೂಡಸಾಕ ಒಟಿಪಿ ಬೇಕು.
ಒಟಿಪಿ ಹೋಗಿದ್ದು ಗದಗಿಗೆ,
ತಂಗಿ ದಿಂಬಿನ ಬುಡಕ.

ರಾತ್ರಿ ಹತ್ತೂವರಿ. ಆಕಳಿಸ್ಕೋತ ನೀಲಾಂಬಿಕಾ ಓದಿದಳು:
ನಾಕು. ಸೊನ್ನಿ. ಏಳು...
ತಡಿ, ಚಾಳೀಸ ಎಲ್ಲೈತಿ?

ಉಪ್ಪು, ಸಿರ್ಕಾ ವಾಸನಿಯೊಳಗ
ಸರತಿ ನಿಂತವರೆಲ್ಲ
ಕನ್ನಡದ ಎಣಿಕಿ ಕೇಳಿದರು.
ಐದನೇ ಅಂಕಿಗೆ ವ್ಯಾಳ್ಯಾ ಮುಗೀತು.

ಹಿಂದಿದ್ದ ಮುದುಕ, ಉಗುರಿನಾಗ ಡಾಂಬರು,
ನನ್ನ ಹೆಗಲ ಮ್ಯಾಲಿಂದ ಫೋನ ಚಾಚಿದ.
ಟಣ್.
ಹೆಸರ ಕೇಳೂದ್ರಾಗ ಹೊರಗ ಹೋಗಿದ್ದ.

ಬಿಸಿ ಪೊಟ್ಟಣ ಹಿಡದು ಕಟ್ಟಿ ಮ್ಯಾಲೆ ಕುಂತೀನಿ.
ಕಿವಿಯೊಳಗ ತಂಗಿ, ಇನ್ನೂ:
ಅಕ್ಕಾ, ಹೊಸಾದು ಬಂತು, ಬರಕೋ.