ತಮ್ಮಲೆಯ ಪಾಲು

ಕೆಮ್ಮಿರಲಿಲ್ಲ. ಜ್ವರವಿರಲಿಲ್ಲ.
ಕಟಪಾಡಿ ಪೇಟೆಯಲ್ಲಿ ಅಂಗಡಿ ಅಂಗಡಿ ಹತ್ತಿಳಿದು
ಪಿಗ್ಮಿ ಎತ್ತುವ ಹೆಂಗಸು ನಾನು,
ಇಪ್ಪತ್ತು, ಐವತ್ತು, ಎಣಿಸಿ ರಶೀದಿ ಕೊಡುವವಳು.
ಟೀಬಿಯವಳ ಹಾಗೆ ಕಾಣುತ್ತೇನಾ?
ಡಾಕ್ಟರ್ ಗ್ಲೆನಿಸ್ ಹೇಳಿದರು: ಎದೆಯಲ್ಲಲ್ಲ, ಯಶವಂತಿ,
ಕೆಳಗೆ.

ಅದಕ್ಕೂ ಮುಂಚಿನ ಆರು ವರ್ಷದ ಲೆಕ್ಕ:
ಉಡುಪಿಯಲ್ಲಿ ಮಾತ್ರೆ, ಮಣಿಪಾಲದಲ್ಲಿ ಸ್ಕ್ಯಾನು,
ಮೂಲ ನಾಗನಿಗೆ ಆಶ್ಲೇಷಾ ಬಲಿ,
ಎಳನೀರು, ಹಿಂಗಾರ, ದಕ್ಷಿಣೆ ಸೇರಿ ಎಂಟೂವರೆ ಸಾವಿರ,
ಕಂಕನಾಡಿಯ ಕ್ಲಿನಿಕ್ಕಿಗೆ ಒಂದು ಲಕ್ಷ ಎಂಬತ್ತು,
ಅದರೊಳಗೆ ನನ್ನ ಎರಡು ಪವನಿನ ಸರ.
ಹೊಟ್ಟೆಗೆ ಚುಚ್ಚಿಕೊಂಡ ಸೂಜಿ ಮೂವತ್ತೊಂದು.
ಗಾಜಿನಲ್ಲಿ ಆದವು ಐದು. ಒಳಗಿಟ್ಟದ್ದು ಎರಡು.
ಹದಿನಾಲ್ಕನೇ ದಿನ ಫೋನಿನಲ್ಲಿ ಹುಡುಗಿಯೊಬ್ಬಳು
"ನೆಗೆಟಿವ್ ಮೇಡಂ" ಎಂದಾಗ
ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಂತಿದ್ದೆ,
ಕೈಯಲ್ಲಿ ಅವರ ಐವತ್ತು ರೂಪಾಯಿ.
ರಶೀದಿ ಬರೆದೆ. ತಾರೀಕು ತಪ್ಪಾಗಿ ಬಿತ್ತು.

ಆಮೇಲೆಯೇ ಡಾಕ್ಟರಿಗೆ ಅನುಮಾನ ಬಂದದ್ದು.
ಬಣ್ಣ ಬಿಟ್ಟು ತೆಗೆದ ಎಕ್ಸರೇ ಬೆಳಕಿಗೆ ಹಿಡಿದರು:
ನಳಿಗೆ ಎರಡೂ ಗಂಟುಗಂಟು, ಮಣಿ ಪೋಣಿಸಿದ ಹಾಗೆ.
ನನ್ನ ಕೈ ಕರಿಮಣಿಗೆ ಹೋಯಿತು, ಸುಮ್ಮನೆ.
ಒಳಗಿನ ಚೂರೊಂದನ್ನು ಕೆರೆದು ಕಳಿಸಿದರು.
ಉತ್ತರಕ್ಕೆ ನಲವತ್ತೆರಡು ದಿನ,
ನಿಧಾನ ಬೆಳೆಯುವ ಜೀವಿಯಂತೆ ಅದು.
ನಿಧಾನವೆಂದರೆ ನನಗೇನು ಹೊಸದೆ.

"ಚಿಕ್ಕಂದಿನಲ್ಲಿ ಮನೆಯಲ್ಲಿ ಯಾರಿಗಾದರೂ ಇತ್ತಾ?"

ಇತ್ತು.
ಅಮ್ಮನ ಅಣ್ಣ, ದೂಮಪ್ಪ ತಮ್ಮಲೆ.
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ
ಆವೆಮಣ್ಣು ಹೊತ್ತವರು.
ಮೂರು ತಿಂಗಳು ಮಾತ್ರೆ ನುಂಗಿ, ಗುಣವಾಯಿತೆಂದು ಬಿಟ್ಟವರು.
ಹಿಂದಿನ ಜಗಲಿಯಲ್ಲಿ ಅವರ ಚಾಪೆ,
ಬೇರೆ ಬಟ್ಟಲು, ಬೇರೆ ಲೋಟ,
ಉಗುಳಲು ಬೂದಿ ತುಂಬಿದ ಗೆರಟೆ.
ಅವರು ಕೆಮ್ಮಿದರೆ ದೊಡ್ಡವರು ಬಾಗಿಲು ಮುಂದೆ ಮಾಡುತ್ತಿದ್ದರು.
ನಾನು ಹೋಗುತ್ತಿದ್ದೆ. ನನಗೆ ಏಳು ವರ್ಷ.
ಹದಿಮೂರರ ಮಗ್ಗಿ ಸರಿ ಹೇಳಿದರೆ
ತಮ್ಮ ಬಟ್ಟಲಿನ ಬಂಗುಡೆಯ ಹೊಟ್ಟೆಯ ಭಾಗ,
ಮುಳ್ಳು ತೆಗೆದು, ನನ್ನ ಬಾಯಿಗೆ.
ಒರಗಿ ಮಲಗಿದರೆ ಅವರ ಎದೆಯೊಳಗೆ
ಹಂಚಿನ ಮೇಲೆ ಬೆಕ್ಕು ನಡೆದ ಸದ್ದು.

ನಮ್ಮ ಕಟ್ಟಿನಲ್ಲಿ ಮಾವನದ್ದು ಬರುವುದು ತಂಗಿಯ ಮಕ್ಕಳಿಗೆ.
ಗದ್ದೆಯಿರಲಿಲ್ಲ, ಹಿತ್ತಲಿರಲಿಲ್ಲ.
ಇದ್ದದ್ದು ಬಂತು,
ಇಪ್ಪತ್ತಾರು ವರ್ಷ ಸದ್ದಿಲ್ಲದೆ ಕೂತ ಠೇವಣಿ.
ಬಳಿ ಮುಂದುವರಿಯುವುದು ಹೆಣ್ಣಿನ ಹೊಟ್ಟೆಯಿಂದ
ಎನ್ನುತ್ತಿದ್ದಳು ಅಮ್ಮ.
ರೋಗಕ್ಕೂ ಆ ದಾರಿ ಗೊತ್ತಿತ್ತು.
ಸಿಟ್ಟು ಬರಲಿ ಎಂದು ಕಾದೆ.
ಬಂದದ್ದು ಬಂಗುಡೆಯ ರುಚಿ.

ಆರು ತಿಂಗಳು. ದಿನಾ ಬರಿಹೊಟ್ಟೆಗೆ ಮೂರು ಮಾತ್ರೆ.
ಮೂತ್ರ ಕಿತ್ತಳೆ ಬಣ್ಣ, ಬೆವರೂ ಹಾಗೇ,
ಒಂದು ದಿನ ಅತ್ತಾಗ ಬಿಳಿ ಕರ್ಚೀಫಿನಲ್ಲೂ.
ಆಶಾ ಕೆಲಸದ ಬೇಬಿಯಕ್ಕ
ಕೊಡೆಯೊಳಗೆ ಅಡಗಿಸಿ ತಂದುಕೊಟ್ಟಳು.
ಕೇಳಿದವರಿಗೆ ಥೈರಾಯ್ಡ್ ಎಂದೆ. ಅತ್ತೆಗೂ.
ಲೋಕುವಿಗೆ ಮಾತ್ರ ನಿಜ.
ಹರಡುವ ಜಾತಿಯದ್ದಲ್ಲ ಎಂದು ಡಾಕ್ಟರೇ ಹೇಳಿದ್ದರು,
ಆದರೂ ಮರುದಿನ ಅವನು ತನ್ನ ಲೋಟ ಬೇರೆ ಇಟ್ಟ.
ನಾಲ್ಕನೇ ದಿನ, ಏನೂ ಹೇಳದೆ,
ನಾನು ಕುಡಿದು ಉಳಿಸಿದ ಚಹಾ ಎತ್ತಿಕೊಂಡು ಕುಡಿದ.
ನಡುವಿನ ಮೂರು ದಿನ
ನನ್ನ ಪುಸ್ತಕದಲ್ಲಿ ಇನ್ನೂ ಬಾಕಿ ಇವೆ.

ಮಾತ್ರೆ ಮುಗಿದವು. ನಳಿಗೆ ತೆರೆಯಲಿಲ್ಲ,
ತೆರೆಯುವುದಿಲ್ಲವೆಂದು ಗ್ಲೆನಿಸ್ ಮೊದಲೇ ಹೇಳಿದ್ದರು.
ರೋಗ ಎದ್ದು ಹೋಯಿತು. ಕಲೆ ಅದರದ್ದಲ್ಲ, ನನ್ನದು.
ಕಂಕನಾಡಿಯಲ್ಲಿ ಇನ್ನೂ ಮೂರು ಇವೆ, ಶೀತದಲ್ಲಿ,
ವರ್ಷಕ್ಕಿಷ್ಟು ಬಾಡಿಗೆ.
ಗರ್ಭದ ಪದರ ಏಳು ಮಿಲಿಮೀಟರ್ ಬರಬೇಕು.
ಈ ತಿಂಗಳು ಐದು ಮುಕ್ಕಾಲು.
"ನೋಡೋಣ" ಎಂದರು.

ಎಂಟೂ ಹತ್ತರ ಎಕ್ಸ್‌ಪ್ರೆಸ್ಸು ಹೆಜಮಾಡಿ ದಾಟುವಾಗ
ಮಗ್ಗಿ ಹೇಳಿಕೊಳ್ಳುತ್ತೇನೆ, ತುಟಿಯೊಳಗೆ.
ಹದಿಮೂರಾರ್ಲಿ ಎಪ್ಪತ್ತೆಂಟು.
ಹದಿಮೂರೇಳ್ಲಿ...
ಇಲ್ಲಿ ಯಾವಾಗಲೂ ತಡವರಿಸುತ್ತಿದ್ದೆ,
ತಮ್ಮಲೆ ಕಾಯುತ್ತಿದ್ದರು,
ಮೀನಿನ ಚೂರನ್ನು ಬೆರಳಲ್ಲೇ ಹಿಡಿದು.