ಹದಿನಾಲ್ಕನೇ ಸೊನ್ನೆ

ಇಪ್ಪತ್ತೆರಡು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಮನೆ:
ಇಲ್ಲವೇ ಇಲ್ಲ, ಒಮ್ಮೊಮ್ಮೆ, ಆಗಾಗ, ದಿನಾಲೂ.
ಸೊನ್ನೆ, ಒಂದು, ಎರಡು, ಮೂರು.
ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಮೂರನೇ ಮಹಡಿಯಲ್ಲಿ ಕೂತು
ಕನ್ನಡಕ್ಕೆ ತಂದವರು ನಾನೂ ಗುಣಪಾಲನೂ.
ಖಿನ್ನತೆ ಅಂತ ಬರೆದು, ಹೊಡೆದು ಹಾಕಿ,
ಬೇಜಾರು ಅಂತ ಬರೆದೆವು.
'ಬಸ್ಸು ತಪ್ಪಿದರೂ ಬೇಜಾರೇ,
ಅಪ್ಪ ಸತ್ತರೂ ಬೇಜಾರೇ ಅಲ್ವಾ ಮೇಡಂ?'
ಕೇಳಿದ್ದಳು ಹೊಳೆಹೊನ್ನೂರಿನ ಹುಡುಗಿಯೊಬ್ಬಳು.
ಅವಳ ಮಾತಿಗೆ ನಮ್ಮ ಹಾಳೆಯಲ್ಲಿ ಮನೆ ಇರಲಿಲ್ಲ.
ಬೇಜಾರು ಬೇಜಾರಾಗಿಯೇ ಉಳಿಯಿತು.

ಭದ್ರಾವತಿ, ಕಾಗದನಗರ, ಎಂಟನೇ ತರಗತಿ ಬಿ ವಿಭಾಗ.
ಆಟದ ಪೀರಿಯಡ್ಡು ಬಿಟ್ಟುಕೊಟ್ಟ ಹಾಲೇಶಪ್ಪ ಮೇಷ್ಟ್ರು
'ಇವಕ್ಕೇನ್ರೀ ಕಾಯಿಲೆ, ಎಲ್ಲಾ ಮೊಬೈಲು' ಅಂದು
ಕಿಟಕಿ ಕಟ್ಟೆಯ ಮೇಲೆ ಸೀಟಿ ಮರೆತು ಹೋದರು.
ನಲವತ್ತೊಂದು ಮಕ್ಕಳು, ನಲವತ್ತೊಂದು ಪೆನ್ಸಿಲು.
ಒಬ್ಬ ಎಲ್ಲಕ್ಕೂ ಮೂರು ಬರೆದು ಪಕ್ಕದವನಿಗೆ ತೋರಿಸಿ ನಕ್ಕ.
ಒಬ್ಬಳು ಕೇಳಿದಳು, ಇದಕ್ಕೆ ಮಾರ್ಕ್ಸ್ ಎಷ್ಟು?

ಕ್ರಮಸಂಖ್ಯೆ ನಲವತ್ತೇಳು.
ಹೆಸರು ಬೀರುವಿನಲ್ಲಿದೆ, ಬೀಗದ ಕೈ ಡಾಕ್ಟರ ಹತ್ತಿರ.
ನನಗೆ ಗೊತ್ತಿದೆ. ಹೇಳುವುದಿಲ್ಲ.
ಇಪ್ಪತ್ತೆರಡಕ್ಕೂ ಸೊನ್ನೆ,
ಕಾಪಿಪುಸ್ತಕದಲ್ಲಿ ತಿದ್ದಿದ ಹಾಗೆ, ಒಂದೇ ಅಳತೆ.
ಹದಿನಾಲ್ಕನೆಯದರಲ್ಲಿ ಮಾತ್ರ
ಪೆನ್ಸಿಲು ಸುತ್ತಿದಲ್ಲೇ ಸುತ್ತಿ ಸುತ್ತಿ
ಕಾಗದ ತೂತಾಗಿದೆ,
ಕಡಲೆಕಾಳಿನಷ್ಟು.
ಬೆಳಕಿಗೆ ಹಿಡಿದರೆ ಆಚೆ ಗೋಡೆಯ ಗಡಿಯಾರದ
ಒಂಬತ್ತು ಮಾತ್ರ ಕಾಣುತ್ತದೆ.

ಹದಿನಾಲ್ಕನೇ ಪ್ರಶ್ನೆ:
ಮನೆಗೆ ಹೋಗುವುದೇ ಬೇಡ ಅನಿಸಿದೆಯೇ?

ಕಂಪ್ಯೂಟರಿಗೆ ತೂತು ತಿಳಿಯದು, ಅದಕ್ಕೆ ಬೇಕಾದ್ದು ಅಂಕಿ.
ಗುಣಪಾಲ ಓದುತ್ತಾ ಹೋದ, ನಾನು ಒತ್ತುತ್ತಾ ಹೋದೆ.
ಒಟ್ಟು ಸೊನ್ನೆ. ಷರಾ: ತೊಂದರೆ ಇಲ್ಲ.
ಹನ್ನೊಂದು ದಾಟಿದವರನ್ನು ಮಾತ್ರ ಕರೆದು ಮಾತಾಡಿಸಬೇಕು.
ಒಳ್ಳೆಯ ನಿಯಮವೇ ಅದು, ನಾನೇ ಸಹಿ ಹಾಕಿದ್ದೇನೆ.
ಡಾಕ್ಟರು ತೂತಿನ ಅಂಚನ್ನು ಬೆರಳಲ್ಲಿ ಮುಟ್ಟಿ
'ರಬ್ಬರಿನಲ್ಲಿ ಉಜ್ಜಿರಬೇಕು ಕಣಮ್ಮ' ಅಂದರು.
ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿದರು.

ಕಾಗದ ಮಾಡುತ್ತಿದ್ದ ಊರು.
ಈ ಹುಡುಗನಿಗೆ ಕಾರ್ಖಾನೆಯ ಸೈರನ್ನು
ನೆನಪಿರುವ ವಯಸ್ಸಲ್ಲ.
ಒಪ್ಪಿಗೆ ಪತ್ರದ ಕೆಳಗೆ ತಮಿಳಿನಲ್ಲಿ ಅಜ್ಜಿಯ ಸಹಿ,
ಅಪ್ಪನ ಜಾಗದಲ್ಲಿ ಒಂದು ಗೆರೆ.
ಒಂದು ತೂತಿನಿಂದ ಕಥೆ ಕಟ್ಟಬಾರದು,
ತರಬೇತಿಯ ಮೊದಲ ದಿನವೇ ಹೇಳಿಕೊಟ್ಟಿದ್ದಾರೆ.

ಎರಡು ವಾರದ ಮೇಲೆ ಹತ್ತರಲ್ಲೊಬ್ಬರನ್ನು ಮತ್ತೆ ಕೇಳಬೇಕು:
ಅಂದಿನ ಉತ್ತರವೇ ಇಂದೂ ಬಂದರೆ
ಪ್ರಶ್ನೆಗಳು ನಂಬಿಕೆಗೆ ಅರ್ಹ ಅಂತ ಲೆಕ್ಕ.
ಯಾರನ್ನು ಕೇಳುವುದು? ಚೀಟಿ ಎತ್ತಬೇಕು.
ನಾನು ನಲವತ್ತೇಳರ ಚೀಟಿಯ ಮೂಲೆ ಮಡಿಸಿದೆ.
ವಿಜ್ಞಾನದಲ್ಲಿ ಇದಕ್ಕೆ ಹೆಸರಿದೆ. ಮೋಸ.
ಕಣ್ಣು ಮುಚ್ಚಿ, ಬೆರಳಿಗೆ ಮಡಿಕೆ ಸಿಗುವ ತನಕ ತಡಕಿ,
ಎತ್ತಿದೆ.

ಶನಿವಾರ, ಬೆಳಗಿನ ಶಾಲೆ.
ಮುರಿದ ಗ್ಲೋಬು ಇಟ್ಟಿದ್ದ ಕೋಣೆ, ಎದುರು ಬದುರು ಬೆಂಚು.
ಹದಿಮೂರರವರೆಗೂ ಸೊನ್ನೆ.
ಪೆನ್ಸಿಲು ಎತ್ತಿದ. ಕೆಳಗಿಟ್ಟ.
ಕಾಲಿನಿಂದ ಚಪ್ಪಲಿ ಕಳಚಿ, ಮತ್ತೆ ಮೆಟ್ಟಿಕೊಂಡ.
'ಇದೊಂದನ್ನ ಬಾಯಲ್ಲಿ ಹೇಳಬಹುದಾ?'

ಹೇಳಿದ.
ಅರ್ಧ ಕನ್ನಡ, ಅರ್ಧ ತಮಿಳು.
ಇಲ್ಲಿ ಬರೆಯುವಂಥದ್ದಲ್ಲ.
ಹೊರಗೆ ಹಾಲೇಶಪ್ಪ ಮೇಷ್ಟ್ರ ಸೀಟಿ ಮೂರು ಸಲ ಕೂಗಿತು,
ಅವನು ಕದಲಲಿಲ್ಲ, ನಾನೂ.
ಡಾಕ್ಟರು ಅಂದೇ ಮಧ್ಯಾಹ್ನ ಬಂದರು,
ಊಟದ ಡಬ್ಬಿ ಕಾರಿನಲ್ಲೇ ಬಿಟ್ಟು.

ವರದಿಯಲ್ಲಿ ಹೀಗಿದೆ:
ನಲವತ್ತೇಳರ ಎರಡು ಹಾಳೆಗಳು ತಾಳೆಯಾಗುವುದಿಲ್ಲ,
ಹಾಗಾಗಿ ನಮ್ಮ ಪ್ರಶ್ನಾವಳಿಯ ವಿಶ್ವಾಸಾರ್ಹತೆ
ಕೂದಲೆಳೆಯಷ್ಟು ಇಳಿದಿದೆ.
ಗುಣಪಾಲ ಮುಖ ಸಿಂಡರಿಸಿದ,
ಎರಡನೇ ದಶಮಾಂಶದ ಹತ್ತಿರ ಬೆರಳಿಟ್ಟು.
ನಾನು ಮಡಿಸಿದ ಚೀಟಿ ಇನ್ನೂ ಪರ್ಸಿನಲ್ಲಿದೆ.