ನಾಳೀಕ್ ನೋಡಣ

ಹನ್ನೊಂದು ವರ್ಷದಿಂದ ಹಾಸನದ ಈ ಕಾಲೇಜಿನಲ್ಲಿ
ನಾನು ಅತಿಥಿ ಉಪನ್ಯಾಸಕಿ.
ಹಾಗಾಗಿ ಹೊರದೇಶದ ಅತಿಥಿಗಳು ಬಂದಾಗ
ಬಾಗಿಲಲ್ಲಿ ನಿಲ್ಲುವ ಕೆಲಸ ಅತಿಥಿಗೇ.
ಕೊರಳಪಟ್ಟಿ ನೂರಾ ನಲವತ್ತು, ಚೀಲ ನೂರಾ ಇಪ್ಪತ್ತು,
ಪೆನ್ನು ಎಷ್ಟೆಂದು ಯಾರಿಗೂ ಗೊತ್ತಿಲ್ಲ.
ಬಿ.ಎಂ. ರಸ್ತೆಯ ಫ್ಲೆಕ್ಸ್ ಅಂಗಡಿಯವನು
ಬೃಹತ್ ದತ್ತಾಂಶಕ್ಕೆ ಒತ್ತು ಕೊಡದೆ
ದತಾಂಶ ಎಂದು ಮುದ್ರಿಸಿದ್ದಾನೆ.
ಧರಣೇಂದ್ರಯ್ಯ ಸರ್ ಕನ್ನಡಕ ಒರೆಸಿ ನೋಡಿ,
"ಇರಲಿ, ಯಾರು ಓದುತ್ತಾರೆ" ಎಂದರು.

ಎರಡು ವರ್ಷ, ಸಂಜೆ ಆರೂವರೆಗೆ ನಮ್ಮ ಸಭೆ.
ನಮಗೆ ದೀಪ ಹಚ್ಚುವ ಹೊತ್ತು, ಲಿಮಾದಲ್ಲಿ ಬೆಳಗಿನ ಎಂಟು.
ಮಾರಿಸೋಲ್ ಕಿಸ್ಪೆಯದು ಆಗಷ್ಟೇ ತೊಳೆದ ಮುಖ,
ನನ್ನದು ಆರು ಪಾಠ ಮುಗಿಸಿದ ಮುಖ.
ನಡುವೆ ಹತ್ತೂವರೆ ತಾಸು,
ನಲವತ್ತೊಂದು ಸಾವಿರ ಆಲೂಗಡ್ಡೆ ಎಲೆ.
ಕೇಳಿಸುತ್ತಿದೆಯಾ?
ಸಂಶೋಧನೆಯ ಅರ್ಧ ಆಯುಷ್ಯ ಈ ಒಂದು ಪ್ರಶ್ನೆಯಲ್ಲಿ.

ಎಲೆಗಳಿಗೆ ಹೆಸರಿಡಬೇಕಿತ್ತು. ಅಂಗಮಾರಿ, ಇಲ್ಲವೇ ಆರೋಗ್ಯ.
ಒಂದು, ಇಲ್ಲವೇ ಸೊನ್ನೆ.
ಹುಡುಗರು ಟೀ ಕುಡಿಯುತ್ತ ದಿನಕ್ಕೆ ಎಂಟುನೂರು ಒತ್ತಿದರು.
ಶಾಂತಿಗ್ರಾಮದ ಸಣ್ಣತಾಯಮ್ಮ,
ಫೋಟೋಗೆ ಎರಡು ರೂಪಾಯಿಯಂತೆ, ದಿನಕ್ಕೆ ತೊಂಬತ್ತು.
ಟ್ಯಾಬನ್ನು ಬೆಳಕಿಗೆ ಹಿಡಿದು, ತಿರುಗಿಸಿ
ಎಲೆಯ ಬೆನ್ನು ಹುಡುಕುತ್ತಿದ್ದರು ಗಾಜಿನ ಹಿಂದೆ.
"ಅಡೀಲಿ ಬಿಳೀ ಬೂಜು ಕೂತದಾ ಇಲ್ವಾ
ನೋಡ್ದೆ ಹೆಂಗವ್ವ ಹೇಳದು?
ಇದು ಯೂರಿಯಾ ಸುಟ್ಟಿರದು. ಇದು ಆಲಿಕಲ್ಲು.
ಇದು... ನಾಳೀಕ್ ನೋಡಣ."

ನಾಳೆಗೊಂದು ಗುಂಡಿ ಮಾಡಿಕೊಟ್ಟೆ, ಹಳದಿ ಬಣ್ಣದ್ದು,
ಯಾರನ್ನೂ ಕೇಳದೆ.
ಅದರೊಳಗೆ ಸಾವಿರದ ಮುನ್ನೂರ ಹನ್ನೆರಡು ಎಲೆ ಬಿದ್ದವು.
ಪ್ರಬಂಧದ ನಾಲ್ಕನೇ ಪುಟದಲ್ಲಿ ಅವಕ್ಕೆ ಗದ್ದಲ ಎಂದು ಹೆಸರು:
"ಗದ್ದಲವನ್ನು ತೆಗೆದುಹಾಕಲಾಗಿದೆ."
ಕರ್ಮಣಿ ಪ್ರಯೋಗ.
ತೆಗೆದವಳು ನಾನು, ರಾತ್ರಿ ಎರಡಕ್ಕೆ,
ಗಡುವಿಗೆ ನಾಲ್ಕು ನಿಮಿಷ ಇರುವಾಗ.
ಲೇಖಕರು ಒಂಬತ್ತು ಮಂದಿ, ನಾನು ಎಂಟನೆಯವಳು,
ಒಂಬತ್ತನೆಯವರು ಪ್ರಾಂಶುಪಾಲರು.
ಸಣ್ಣತಾಯಮ್ಮ ಕೃತಜ್ಞತೆಯ ಸಾಲಿನಲ್ಲಿದ್ದಾರೆ,
ಸ್ಥಳೀಯ ಸಹಾಯಕರು ಎಂಬ ಬಹುವಚನದ ಒಳಗೆಲ್ಲೋ.

ಎರಡನೇ ದಿನ, ಊಟದ ಮೇಲಿನ ಗೋಷ್ಠಿ ಆಕಳಿಸುವಾಗ
ಮಾರಿಸೋಲ್ ಕೊರಳಪಟ್ಟಿ ಕಳಚಿ ಜೇಬಿಗಿಟ್ಟಳು.
ಆಟೋದಲ್ಲಿ ಹೋದೆವು.
ಬದುವಿನ ಮೇಲೆ ಕಾದಿದ್ದ ಸಣ್ಣತಾಯಮ್ಮ
ಒಂದು ಗಿಡ ಕಿತ್ತು, ಮಣ್ಣು ಕೊಡವಿ, ಕೊಟ್ಟರು.
ಬೇರಿಗೆ ಗೋಲಿಯಷ್ಟು ಗಡ್ಡೆ, ಐದೋ ಆರೋ.
ಅಂಗೈಯಲ್ಲಿಟ್ಟುಕೊಂಡು ಮಾರಿಸೋಲ್ "ಪಾಪ" ಎಂದಳು.
"ಯಾಕವ್ವ, ಏನಾಯ್ತು ಅದ್ಕೆ?"
ಇವರಿಗೆ ಗಾಬರಿ.
ಅವಳಜ್ಜಿಯ ಬೆಟ್ಟದ ನುಡಿಯಲ್ಲಿ ಆಲೂಗಡ್ಡೆಯ ಹೆಸರೇ ಪಾಪ,
ಅಲ್ಲಿಂದಲೇ ಅದು ಹಡಗು ಹತ್ತಿದ್ದು, ಎಂದೆ.
ಸಣ್ಣತಾಯಮ್ಮ ಗಡ್ಡೆಯನ್ನು ಮತ್ತೊಮ್ಮೆ ನೋಡಿದರು,
ತವರಿಂದ ಯಾರೋ ಬಂದರೆಂದು ಕೇಳಿ
ಸೊಸೆಯ ಮುಖ ನೋಡುವ ಹಾಗೆ.
"ಪಾಪ," ಎಂದರು, ನಮ್ಮ ಅರ್ಥದಲ್ಲೇ.
"ಎಷ್ಟು ದೂರದಿಂದ ಬಂದದೆ."

ಆಮೇಲೆ ಒಂದು ಎಲೆ. ಅಂಚಿನಲ್ಲಿ ಕಂದು ಚುಕ್ಕೆ.
ಇಬ್ಬರೂ ಬಗ್ಗಿದರು. ಮಗುಚಿದರು. ಹೆಬ್ಬೆರಳಲ್ಲಿ ಉಜ್ಜಿದರು.
ಮಾರಿಸೋಲ್ ತನ್ನ ನುಡಿಯಲ್ಲಿ ಏನೋ ಅಂದಳು,
ಇವರು ತಲೆದೂಗಿದರು.
ಅನುವಾದಕ್ಕೆ ನನ್ನನ್ನು ಯಾರೂ ಕೇಳಲಿಲ್ಲ.

ಸಮಾರೋಪದಲ್ಲಿ ಶಾಲು, ಹಾರ, ಒಡಂಬಡಿಕೆಗೆ ಸಹಿ.
ಪೆನ್ನು ಸಿಗದೆ ಎರಡು ನಿಮಿಷ ತಡ.
ಫ್ಲೆಕ್ಸು ಸಣ್ಣತಾಯಮ್ಮನಿಗೆ ಹೋಯಿತು,
ಗೊಬ್ಬರದ ಮೂಟೆ ಮುಚ್ಚಲು ಬೇಕಂತೆ.
ಅಂತಾರಾ ಒಂದು ಮೂಟೆಯ ಮೇಲೆ,
ಷ್ಟ್ರೀಯ ಇನ್ನೊಂದರ ಮೇಲೆ,
ನಡುವಿನ ಮಡಿಕೆಯಲ್ಲಿ ಮಳೆನೀರು.

ಸೋಮವಾರ, ಆರೂವರೆ.
ಕೇಳಿಸುತ್ತಿದೆಯಾ?
ಕೇಳಿಸುತ್ತಿದೆ.
ಅವಳ ಮೊದಲ ಪ್ರಶ್ನೆ ಆ ಎಲೆಯದು.
ನಾನಿನ್ನೂ ಹೋಗಿ ನೋಡಿರಲಿಲ್ಲ.
ನಾಳೆ, ಎಂದೆ.
ಅಲ್ಲಿ ಇವತ್ತು ಈಗಷ್ಟೇ ಶುರುವಾಗಿತ್ತು.